ಯಾವ ಕಿಲೋ ಯಾರದ್ದು ಎಂದು ತಿಳಿಸುವ ಪಡಿತರ ಅಂಗಡಿ

ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿನಲ್ಲಿ ಸ್ತ್ರೀಶಕ್ತಿ ಸಂಘವೊಂದು ಮೂರು ವರ್ಷಗಳಿಂದ ನಡೆಸುತ್ತಿರುವ ನ್ಯಾಯಬೆಲೆ ಅಂಗಡಿಯ ಬಗ್ಗೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಊರಿನವರ ಬಾಯಲ್ಲಿ ಅದು ಇಂದಿಗೂ ‘ಸೊಸೈಟಿ’ಯೇ. ಹೋಟೆಲಿನ ಬಗ್ಗೆ, ಬಟ್ಟೆ ಅಂಗಡಿಯ ಬಗ್ಗೆ, ಮೊಬೈಲ್ ರಿಪೇರಿಯವರ ಬಗ್ಗೆ ಜನ ಧಾರಾಳವಾಗಿ ಬರೆಯುತ್ತಾರೆ. ತಿಂಗಳಿಗೊಮ್ಮೆ ಊರಿನ ಬಹುಪಾಲು ಮನೆಗಳು ಸಾಲಿನಲ್ಲಿ ನಿಲ್ಲುವ ಅಂಗಡಿಯ ಬಗ್ಗೆ ಬರೆದವರನ್ನು ನಾನು ಕಂಡಿಲ್ಲ. ಪುಕ್ಕಟೆ ಬರುವ ಅಕ್ಕಿಯ ಒಳ್ಳೆಯದು ಕೆಟ್ಟದ್ದನ್ನು ಆಡುವ ಅಧಿಕಾರ ನಮಗೆಲ್ಲಿದೆ ಎಂಬ ಅಳುಕು ಅದಕ್ಕೆ ಕಾರಣವಿರಬಹುದು. ಆ ಅಳುಕು ಇಟ್ಟುಕೊಳ್ಳಬೇಕಾಗಿಲ್ಲ, ಏಕೆಂದರೆ ಆ ಅಕ್ಕಿ 2013ರಿಂದ ದೇಶದ ಕಾಯ್ದೆಯ ಪ್ರಕಾರ ನಮ್ಮ ಹಕ್ಕು.

ನಮ್ಮದು ಎರಡು ಎಕರೆ ಖುಷ್ಕಿ ಜಮೀನು. ಮಳೆ ಕೈಹಿಡಿದ ವರ್ಷ ರಾಗಿ, ಅವರೆ. ಉಳಿದಂತೆ ನನ್ನ ಹೊಲಿಗೆ ಯಂತ್ರ, ಯಜಮಾನರ ಕೂಲಿ. ಮನೆಯಲ್ಲಿ ಆರು ಜನ, ಪಡಿತರ ಚೀಟಿಯಲ್ಲಿ ಐದು ಹೆಸರು. ಈ ಒಂದು ಹೆಸರಿನ ವ್ಯತ್ಯಾಸದ ಕಥೆಯನ್ನು ಮುಂದೆ ಹೇಳುತ್ತೇನೆ.

ಅಂಗಡಿಯೆಂದರೆ ಹಳೆಯ ಯುವಕ ಮಂಡಳಿಯ ಒಂದು ಕೋಣೆ ಮತ್ತು ಅದರ ಮುಂದಿನ ಕಟ್ಟೆ. ಒಳಗೆ ಮರದ ಹಲಗೆಗಳ ಮೇಲೆ ಜೋಡಿಸಿದ ಗೋಣಿಚೀಲಗಳು, ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಹೆಬ್ಬೆಟ್ಟು ಒತ್ತುವ ಯಂತ್ರ, ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ನಾನು ಈ ಅಂಗಡಿಯನ್ನು ಮೆಚ್ಚುವುದಕ್ಕೆ ಮುಖ್ಯ ಕಾರಣ ಆ ಹಲಗೆ. ಎಲ್ಲ ಪಡಿತರ ಅಂಗಡಿಗಳಲ್ಲೂ ದಾಸ್ತಾನು, ದರ, ವೇಳೆ ಬರೆದ ಫಲಕ ಇರಬೇಕೆಂಬುದು ನಿಯಮ. ಸಂಘದ ಹೆಂಗಸರು ಅದಕ್ಕೆ ತಾವಾಗಿಯೇ ಒಂದು ಗೆರೆ ಸೇರಿಸಿದ್ದಾರೆ. ಹಲಗೆಯ ನಡುವೆ ಮೇಲಿನಿಂದ ಕೆಳಗೆ ಸೀಮೆಸುಣ್ಣದ ಗೆರೆ ಎಳೆದು, ಎಡಗಡೆ ‘ಕೇಂದ್ರ’, ಬಲಗಡೆ ‘ರಾಜ್ಯ’ ಎಂದು ಬರೆದು, ಆಯಾ ತಿಂಗಳು ತಲೆಗೆ ಎಷ್ಟು ಕಿಲೋ ಯಾವ ಕಡೆಯಿಂದ ಬಂದಿದೆ ಎಂಬುದನ್ನು ಬೇರೆ ಬೇರೆಯಾಗಿ ತೋರಿಸುತ್ತಾರೆ. ನೋಡುವುದಕ್ಕೆ ಇದು ಸಣ್ಣ ಸಂಗತಿ. ಆದರೆ ಕಡಿಮೆ ಬಂದಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರವಿರುವುದು ಆ ಗೆರೆಯಲ್ಲಿಯೇ.

ಗೆರೆ ಏಕೆ ಬೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2013ರ ಜುಲೈ 5ರಂದು ಕೇಂದ್ರ ಸರ್ಕಾರ ಆಹಾರ ಭದ್ರತೆಯ ಸುಗ್ರೀವಾಜ್ಞೆಯನ್ನು ಹೊರಡಿಸಿತು; ಐದು ದಿನಗಳ ನಂತರ, ಜುಲೈ 10ರಂದು, ಕರ್ನಾಟಕದಲ್ಲಿ ಅನ್ನಭಾಗ್ಯ ಆರಂಭವಾಯಿತು. ಒಂದೇ ವಾರದಲ್ಲಿ ಹುಟ್ಟಿದ ಈ ಎರಡನ್ನೂ ನಮ್ಮ ಜನ ಒಂದೇ ಎಂದು ಭಾವಿಸಿದರೆ ಅದು ಅವರ ತಪ್ಪಲ್ಲ. ಸುಗ್ರೀವಾಜ್ಞೆಯ ಜಾಗದಲ್ಲಿ ಸಂಸತ್ತಿನ ಅಂಗೀಕಾರ ಪಡೆದು ಬಂದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಗೆ ಅದೇ ವರ್ಷ ಸೆಪ್ಟೆಂಬರ್ 10ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆದ್ಯತಾ ಕುಟುಂಬದ, ಅಂದರೆ ನಮ್ಮಂಥ ಬಿಪಿಎಲ್ ಕಾರ್ಡಿನ ಮನೆಯ, ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಕಡುಬಡವರ ಅಂತ್ಯೋದಯ ಕುಟುಂಬಕ್ಕೆ ಮನೆಗೆ 35 ಕಿಲೋ ಧಾನ್ಯ ಎಂದು ಅದು ನಿಗದಿ ಮಾಡಿತು. ಅಕ್ಕಿಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ, ರಾಗಿ ಜೋಳದಂಥ ಸಿರಿಧಾನ್ಯಕ್ಕೆ 1 ರೂಪಾಯಿ ಎಂದು ಬೆಲೆ ಕಟ್ಟಿತು. ಅನ್ನಭಾಗ್ಯವಾದರೋ ರಾಜ್ಯದ ತೀರ್ಮಾನ. ಮೊದಲು ಕಿಲೋಗೆ 1 ರೂಪಾಯಿಯಂತೆ ಮನೆಗೆ ಗರಿಷ್ಠ 30 ಕಿಲೋ ಅಕ್ಕಿ, 2015ರಿಂದ ಪೂರ್ತಿ ಉಚಿತ. ಮೊದಲನೆಯದು ಕಾಯ್ದೆ, ಎರಡನೆಯದು ಬಜೆಟ್ಟು ಮತ್ತು ಆದೇಶದ ಬಲದಿಂದ ನಡೆಯುವ ಯೋಜನೆ. ಕೈಗೆ ಬರುವ ಚೀಲ ಮಾತ್ರ ಒಂದೇ.

ಪಡಿತರದಲ್ಲಿ ಹಕ್ಕು ಎಂಬ ಮಾತು 2013ರಲ್ಲಿ ಏಕಾಏಕಿ ಬಂದದ್ದಲ್ಲ. 1997ರಲ್ಲಿ ಬಡತನ ರೇಖೆಯ ಮೇಲೆ, ಕೆಳಗೆ ಎಂದು ಕಾರ್ಡುಗಳನ್ನು ಬೇರ್ಪಡಿಸಿದ ಪದ್ಧತಿ ಬಂತು. 2000ದ ಡಿಸೆಂಬರ್‌ನಲ್ಲಿ ಅಂತ್ಯೋದಯ ಬಂತು. 2001ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ, ಗೋದಾಮುಗಳಲ್ಲಿ ಧಾನ್ಯ ತುಂಬಿರುವಾಗ ಜನ ಹಸಿದಿರುವುದೇಕೆ ಎಂಬ ಪ್ರಶ್ನೆ ಎದ್ದು, ಯೋಜನೆಗಳ ಪ್ರಯೋಜನವನ್ನು ಕಾನೂನಿನ ಹಕ್ಕೆಂದು ಕಾಣುವ ಆದೇಶಗಳು ಹೊರಬಂದವು. ಕಾಯ್ದೆ ಆ ದಾರಿಯ ಕೊನೆಯಲ್ಲಿ ಬಂದದ್ದು.

ಕಾಯ್ದೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಹೊಣೆಯ ಹಂಚಿಕೆ. 22ನೆಯ ಸೆಕ್ಷನ್ ಕೇಂದ್ರದ ಕೆಲಸವನ್ನು ಹೇಳುತ್ತದೆ: ಧಾನ್ಯ ಖರೀದಿಸಬೇಕು, ರಾಜ್ಯಕ್ಕೆ ಹಂಚಿಕೆ ಮಾಡಬೇಕು, ರಾಜ್ಯದೊಳಗಿನ ಗೊತ್ತುಪಡಿಸಿದ ಗೋದಾಮಿನ ತನಕ ತಂದು ಮುಟ್ಟಿಸಬೇಕು. 24ನೆಯ ಸೆಕ್ಷನ್ ಅಲ್ಲಿಂದ ಮುಂದಿನದನ್ನು ರಾಜ್ಯದ ತಲೆಯ ಮೇಲೆ ಇಡುತ್ತದೆ: ಗೋದಾಮಿನಿಂದ ಎತ್ತಿ ಪ್ರತಿ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಸೇರಿಸಬೇಕು, ಅದು ಅರ್ಹರ ಕೈಗೆ ನಿಜವಾಗಿಯೂ ತಲುಪಿತೇ ಎಂದು ಖಾತರಿ ಮಾಡಿಕೊಳ್ಳಬೇಕು. ಗೊತ್ತಾದ ಪ್ರಮಾಣದ ಧಾನ್ಯ ಸಿಗದಿದ್ದರೆ ಅದಕ್ಕೆ ಪ್ರತಿಯಾಗಿ ಆಹಾರ ಭದ್ರತಾ ಭತ್ಯೆಯನ್ನು ರಾಜ್ಯವೇ ಕೊಡಬೇಕು. ಕೇಂದ್ರದ ದಾಸ್ತಾನಿನಲ್ಲೇ ಕೊರತೆಯಾದರೆ ಅದಕ್ಕೆ ತಕ್ಕ ಹಣವನ್ನು ಕೇಂದ್ರ ರಾಜ್ಯಕ್ಕೆ ಕೊಡಬೇಕು. ಅಂದರೆ ಲಾರಿ ಎಲ್ಲಿ ನಿಂತಿತು ಎಂಬುದರ ಮೇಲೆ ಉತ್ತರ ಹೇಳಬೇಕಾದವರು ಯಾರು ಎಂಬುದು ತೀರ್ಮಾನವಾಗುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಕುಳಿತವರಿಗೆ ಲಾರಿ ಎಲ್ಲಿ ನಿಂತಿತೆಂದು ತಿಳಿಯುವ ದಾರಿ ಇರಲಿಲ್ಲ. ಈಗ ಹಲಗೆಯಲ್ಲಿ ಅದೂ ಇರುತ್ತದೆ. ತಾಲ್ಲೂಕಿನ ಸಗಟು ಮಳಿಗೆಯಿಂದ ಯಾವ ದಿನ ಎಷ್ಟು ಚೀಲ ಇಳಿಯಿತು, ತೂಕ ಹಾಕಿದಾಗ ಎಷ್ಟಿತ್ತು ಎಂದು ತಾರೀಖಿನ ಸಮೇತ ಬರೆಯುತ್ತಾರೆ.

ತೂಕದ ಮಾತು ಬಂತು. ಸಂಘದವರು ಬರುವುದಕ್ಕೆ ಮೊದಲು ಈ ಅಂಗಡಿ ಖಾಸಗಿಯವರೊಬ್ಬರ ಕೈಯಲ್ಲಿತ್ತು. ಚೀಲದಲ್ಲಿ ತೂಕ ಕಡಿಮೆ ಬರುತ್ತದೆ, ಹಮಾಲಿ ಕೊಡಬೇಕು, ಸಾಗಣೆಗೆ ಖರ್ಚಾಗುತ್ತದೆ ಎಂದು ಹೇಳಿ ಅವರು ತಲೆಗೆ ಅರ್ಧ ಕಿಲೋ ಹಿಡಿದುಕೊಳ್ಳುತ್ತಿದ್ದರು. ಐದು ಹೆಸರಿಗೆ ತಿಂಗಳಿಗೆ ಎರಡೂವರೆ ಕಿಲೋ, ವರ್ಷಕ್ಕೆ 30 ಕಿಲೋ ನಮ್ಮ ಮನೆಯೊಂದರಿಂದಲೇ ಹೋಯಿತು. ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ‘ಪಾಪ, ಅವರಿಗೂ ಖರ್ಚಿದೆ’ ಎಂದೇ ನಾನೂ ಅಂದುಕೊಂಡಿದ್ದೆ. ಅಂಗಡಿಯ ಬಾಗಿಲ ತನಕ ಧಾನ್ಯ ತರುವ ಖರ್ಚು ಕಾರ್ಡುದಾರರದ್ದಲ್ಲ, ಅದರಲ್ಲೂ ಅಂಗಡಿಯವರ ಕಮಿಷನ್ನಿನಲ್ಲೂ ನಮ್ಮಂಥ ರಾಜ್ಯಗಳಲ್ಲಿ ನಿಗದಿತ ದರದ ಅರ್ಧವನ್ನು ಕೇಂದ್ರ, ಅರ್ಧವನ್ನು ರಾಜ್ಯ ಭರಿಸುತ್ತವೆ ಎಂಬುದು ತಿಳಿದದ್ದು ಆಮೇಲೆ. ತಿಳಿದ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಊರಿನ ಕೆಲವರು ಸೇರಿ 1967 ಸಹಾಯವಾಣಿಗೆ ದೂರು ಕೊಟ್ಟೆವು, ಬರಹದಲ್ಲೂ ಕೊಟ್ಟೆವು. ಹಲವು ತಿಂಗಳ ಓಡಾಟದ ನಂತರ ಆ ಪರವಾನಗಿ ಅಮಾನತಾಯಿತು.

ಬಳಿಕ ಅಂಗಡಿ ಸ್ತ್ರೀಶಕ್ತಿ ಸಂಘಕ್ಕೆ ಬಂದದ್ದಕ್ಕೂ ಕಾಯ್ದೆಯಲ್ಲಿ ಆಧಾರವಿದೆ. ನ್ಯಾಯಬೆಲೆ ಅಂಗಡಿಗಳ ಪರವಾನಗಿಯಲ್ಲಿ ಪಂಚಾಯಿತಿ, ಸ್ವಸಹಾಯ ಸಂಘ, ಸಹಕಾರ ಸಂಘಗಳಿಗೆ ಆದ್ಯತೆ ಇರಬೇಕು, ಹೆಣ್ಣುಮಕ್ಕಳು ಅಥವಾ ಅವರ ಗುಂಪುಗಳು ಅಂಗಡಿಯನ್ನು ನಿರ್ವಹಿಸುವಂತಾಗಬೇಕು ಎಂದು ಅದು ಸುಧಾರಣೆಗಳ ಪಟ್ಟಿಯಲ್ಲಿ ಹೇಳಿದೆ. ಈ ಹೆಂಗಸರು ಮೊದಲ ತಿಂಗಳೇ ಮಾಡಿದ ಕೆಲಸವೆಂದರೆ ತಕ್ಕಡಿಯ ಪರದೆಯನ್ನು ಸಾಲಿನ ಕಡೆಗೆ ತಿರುಗಿಸಿದ್ದು. ಬಕೆಟ್ಟನ್ನು ಮೊದಲು ಖಾಲಿಯಾಗಿ ಇಟ್ಟು ಸೊನ್ನೆ ಮಾಡುತ್ತಾರೆ, ಆಮೇಲೆ ತುಂಬುತ್ತಾರೆ. ಮೂರು ತಿಂಗಳು ನಾನು ಮನೆಗೆ ತಂದ ಚೀಲವನ್ನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಮತ್ತೆ ತೂಗಿ ನೋಡಿದೆ. ಮೂರು ಸಲವೂ ತೂಕ ಸರಿಯಾಗಿತ್ತು.

2025ರ ಮಾರ್ಚ್ ತಿಂಗಳು ಈ ಅಂಗಡಿಗೆ ನಿಜವಾದ ಪರೀಕ್ಷೆ. ಅದಕ್ಕೆ ಹಿನ್ನೆಲೆ ಇದೆ. 2023ರಲ್ಲಿ ರಾಜ್ಯ ಸರ್ಕಾರ ಕೇಂದ್ರದ 5 ಕಿಲೋಗೆ ತನ್ನ 5 ಕಿಲೋ ಸೇರಿಸಿ ತಲೆಗೆ 10 ಕಿಲೋ ಕೊಡುವುದಾಗಿ ಹೇಳಿತು. ಆ ಅಕ್ಕಿಯನ್ನು ಭಾರತೀಯ ಆಹಾರ ನಿಗಮದಿಂದ ಕೊಳ್ಳಬೇಕೆಂದಿತ್ತು. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಸರ್ಕಾರ, ನಿಗಮದ ದಾಸ್ತಾನನ್ನು ಹೊರಗೆ ಮಾರುವ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅಕ್ಕಿ ಸಿಗದೆ ರಾಜ್ಯವು ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕತೊಡಗಿತು. ಮುಂದೆ ಕೇಂದ್ರ ಮಾರಾಟವನ್ನು ತೆರೆದು ಕಿಲೋಗೆ 22 ರೂಪಾಯಿ 50 ಪೈಸೆಗೆ ಇಳಿಸಿದಾಗ, 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಫೆಬ್ರವರಿಯ ಬಾಕಿ ಸೇರಿ ಮಾರ್ಚ್‌ನಲ್ಲಿ ತಲೆಗೆ 15 ಕಿಲೋ. ಐದು ಹೆಸರಿಗೆ 75 ಕಿಲೋ!

ಆ ತಿಂಗಳು ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಚೀಲಗಳು ಕಟ್ಟೆಯ ತನಕ ಬಂದಿದ್ದವು. ಸಂಘದವರು ಬೀದಿವಾರು ದಿನ ಹಂಚಿ, ಹಿಂದಿನ ಸಂಜೆಯೇ ಟೋಕನ್ ಕೊಟ್ಟು, ಹಲಗೆಯ ಎಡಗಡೆ 5, ಬಲಗಡೆ ‘ಫೆಬ್ರವರಿ 5, ಮಾರ್ಚ್ 5’ ಎಂದು ಬರೆದರು. ಅದನ್ನು ನೋಡಿದವರಿಗೆ 15 ಕಿಲೋ ಹೇಗಾಯಿತೆಂಬುದೂ ಮುಂದಿನ ತಿಂಗಳು ಅದು ಏಕೆ 10ಕ್ಕೆ ಇಳಿಯುತ್ತದೆ ಎಂಬುದೂ ಒಟ್ಟಿಗೇ ತಿಳಿಯಿತು. ಪಕ್ಕದ ಊರಿನ ಅಂಗಡಿಯಲ್ಲಿ ಏಪ್ರಿಲ್‌ನಲ್ಲಿ ಜಗಳವಾಯಿತಂತೆ, ನಮ್ಮಲ್ಲಿ ಆಗಲಿಲ್ಲ.

ಹಣ ಬರುತ್ತಿದ್ದ ದಿನಗಳಿಗಿಂತ ಅಕ್ಕಿಯೇ ಮೇಲು ಎಂದು ನಾನು ನಂಬಿದ್ದೇನೆ. ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ ಹಿರಿಯ ಹೆಣ್ಣುಮಗಳೇ ಪಡಿತರ ಚೀಟಿಯ ಮಟ್ಟಿಗೆ ಮನೆಯ ಯಜಮಾನಿ, ಆದ್ದರಿಂದ ನಮ್ಮ ಮನೆಯಲ್ಲಿ ಹಣ ಅತ್ತೆಯ ಖಾತೆಗೆ ಬರಬೇಕಿತ್ತು. ಅವರ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ತಿಂಗಳಿಗೆ 850 ರೂಪಾಯಿಯಂತೆ ಮೂರು ತಿಂಗಳು ಬರಲಿಲ್ಲ; ಬ್ಯಾಂಕಿಗೆ ನಾಲ್ಕು ಸಲ ಹೋಗಿಬಂದ ಬಸ್ ಚಾರ್ಜು, ಕಳೆದುಕೊಂಡ ಕೂಲಿ ಬೇರೆ. ಎಲ್ಲರ ಮನೆಯಲ್ಲೂ ಹೀಗಾಯಿತು ಎನ್ನಲಾರೆ. ಹಣ ಬೇಕಾದದ್ದಕ್ಕೆ ಖರ್ಚಾಗುತ್ತದೆ ಎನ್ನುವವರೂ ನಮ್ಮ ಬೀದಿಯಲ್ಲಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೆ ಅಂಗಡಿಯಲ್ಲಿ ಕಡಿಮೆಯಾದರೆ ಕಣ್ಣಿಗೆ ಕಾಣುತ್ತದೆ, ಎದುರಿಗಿರುವವರನ್ನು ಕೇಳಬಹುದು. ಖಾತೆಗೆ ಬಾರದ ಹಣದ ಬಗ್ಗೆ ಯಾರ ಮುಖ ನೋಡಿ ಕೇಳುವುದು?

‘ಉಚಿತ’ ಎಂಬ ಪದದ ವಿಷಯದಲ್ಲೂ ಹಲಗೆಯ ಗೆರೆ ನನಗೆ ಒಂದು ಪಾಠ ಕಲಿಸಿತು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಿಂದ, ಕಾಯ್ದೆಯ 5 ಕಿಲೋ ಅಲ್ಲದೆ ಇನ್ನೂ 5 ಕಿಲೋವನ್ನು ಕೇಂದ್ರ ಸರ್ಕಾರ ಗರೀಬ್ ಕಲ್ಯಾಣ್ ಅನ್ನ ಯೋಜನೆಯ ಹೆಸರಿನಲ್ಲಿ ಕೊಟ್ಟಿತು. 2022ರ ಡಿಸೆಂಬರ್‌ಗೆ ಅದು ನಿಂತಿತು. 2023ರ ಜನವರಿ 1ರಿಂದ ಕಾಯ್ದೆಯ ಧಾನ್ಯವನ್ನೇ ಉಚಿತ ಮಾಡಿ ಅದಕ್ಕೆ ಅದೇ ಹೆಸರನ್ನು ಕೊಡಲಾಯಿತು, 2024ರ ಜನವರಿಯಿಂದ ಮತ್ತೆ ಐದು ವರ್ಷಕ್ಕೆ ವಿಸ್ತರಿಸಲಾಯಿತು. ಹೆಸರು ಅದೇ ಇದ್ದರೂ ಚೀಲ ಚಿಕ್ಕದಾಯಿತಲ್ಲ ಎಂದು ಊರಿನಲ್ಲಿ ಎಷ್ಟೋ ಜನ ಗೊಂದಲಪಟ್ಟರು. ಕರ್ನಾಟಕದಲ್ಲಿ ಕಾರ್ಡುದಾರರಿಗೆ ಅಕ್ಕಿ ಮೊದಲೇ ಉಚಿತವಾಗಿತ್ತು, ಆ 3 ರೂಪಾಯಿಯನ್ನು ರಾಜ್ಯ ತುಂಬುತ್ತಿತ್ತು. ಹಾಗಾಗಿ 2023ರ ಬದಲಾವಣೆಯಿಂದ ನಮ್ಮ ಕೈಯಿಂದ ಹೋಗುವ ದುಡ್ಡಿನಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ರಾಜ್ಯದ ಬೊಕ್ಕಸದಿಂದ ಹೋಗುತ್ತಿದ್ದದ್ದು ಕೇಂದ್ರದ ಬೊಕ್ಕಸಕ್ಕೆ ವರ್ಗವಾಯಿತು. ಕಾಯ್ದೆಯಡಿ ಕರ್ನಾಟಕದಲ್ಲಿ ಸುಮಾರು 4 ಕೋಟಿ ಜನರಿದ್ದಾರೆ. ತಲೆಗೆ 5 ಕಿಲೋ, ಕಿಲೋಗೆ 3 ರೂಪಾಯಿ ಎಂದು ಒರಟಾಗಿ ಲೆಕ್ಕ ಹಾಕಿದರೂ ತಿಂಗಳಿಗೆ 60 ಕೋಟಿ ರೂಪಾಯಿಯ ಮಾತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಲೆಗೆ 5 ಕಿಲೋ ಎಂಬುದು ಕಾಯ್ದೆಯ 3ನೆಯ ಸೆಕ್ಷನ್ನಿನಲ್ಲೇ ಇದೆ, ಅದನ್ನು ಕಡಿಮೆ ಮಾಡಬೇಕಾದರೆ ಸಂಸತ್ತಿಗೆ ಹೋಗಬೇಕು. ಬೆಲೆ ಇರುವುದು ಅನುಸೂಚಿಯಲ್ಲಿ, ಅದನ್ನು ಕೇಂದ್ರ ಸರ್ಕಾರ ಅಧಿಸೂಚನೆಯಿಂದಲೇ ಬದಲಿಸಬಹುದು. ರಾಜ್ಯದ ಹೆಚ್ಚುವರಿ 5 ಕಿಲೋಗೆ ಈ ಕಾಯ್ದೆಯ ಖಾತರಿ ಇಲ್ಲ. ರಾಜ್ಯಗಳು ತಮ್ಮ ಖರ್ಚಿನಲ್ಲಿ ಹೆಚ್ಚು ಕೊಡುವುದಕ್ಕೆ ಕಾಯ್ದೆ ಅಡ್ಡಿ ಮಾಡುವುದಿಲ್ಲ ಎಂಬಷ್ಟೇ ಅದರ ನೆಲೆ. ಒಂದೇ ಬಕೆಟ್ಟಿನಿಂದ ಸುರಿಯುವ ಹತ್ತು ಕಿಲೋದಲ್ಲಿ ಅರ್ಧದ ಆಯುಸ್ಸು ಒಂದು ಬಗೆ, ಇನ್ನರ್ಧದ್ದು ಇನ್ನೊಂದು ಬಗೆ.

ಈ ವ್ಯತ್ಯಾಸ ಎಲ್ಲಕ್ಕಿಂತ ಚೆನ್ನಾಗಿ ಕಾಣಿಸಿದ್ದು ಟೊಮೆಟೊ ಕೊಯ್ಲಿನ ಸಮಯದಲ್ಲಿ. ಆಂಧ್ರದ ಪಲಮನೇರು, ಪುಂಗನೂರು ಕಡೆಯಿಂದ ಕೂಲಿಗೆ ಬಂದ ಹೆಂಗಸರು ನಮ್ಮ ತೋಟಗಳಲ್ಲಿ ವಾರಗಟ್ಟಲೆ ಇರುತ್ತಾರೆ. ಒಂದು ದೇಶ ಒಂದು ಪಡಿತರ ಚೀಟಿ ಪದ್ಧತಿಯಲ್ಲಿ ಅವರು ತಮ್ಮ ಊರಿನ ಕಾರ್ಡಿನ ಮೇಲೆ ನಮ್ಮ ಅಂಗಡಿಯಲ್ಲೇ ಪಡಿತರ ಎತ್ತಬಹುದು. 2019ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭವಾದ ಇದು 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳನ್ನೂ ಮುಟ್ಟಿತು. ಆದರೆ ಗಡಿ ದಾಟಿ ಬರುವುದು ಕೇಂದ್ರದ ಕಾಯ್ದೆಯ ಪಾಲು ಮಾತ್ರ. ಸಾಲಿನಲ್ಲಿದ್ದ ಒಬ್ಬ ಹೆಂಗಸು, ಮುಂದಿನವರಿಗೆ ತಲೆಗೆ ಹತ್ತು ಕಿಲೋ ಸುರಿದು ತನಗೆ ಐದೇ ಕಿಲೋ ಕೊಟ್ಟದ್ದನ್ನು ಕಂಡು, ಮೋಸವೆಂದು ತೆಲುಗಿನಲ್ಲಿ ಜೋರು ಮಾಡಿದರು. ಅಂಗಡಿಯಲ್ಲಿದ್ದ ಸಂಘದ ಕಾರ್ಯದರ್ಶಿ ಸಿಡುಕಲಿಲ್ಲ. ಹೊರಗೆ ಬಂದು, ಅವರನ್ನು ‘ಅಕ್ಕಾ’ ಎಂದು ಕರೆದು, ಹಲಗೆಯ ಎಡಗಡೆ ಕೈಯಿಟ್ಟು ಇದು ಎಲ್ಲಿ ಹೋದರೂ ನಿಮ್ಮ ಹಿಂದೆ ಬರುತ್ತದೆ, ಬಲಗಡೆಯದು ಈ ರಾಜ್ಯ ಇಲ್ಲಿನ ಕಾರ್ಡಿಗೆ ಕೊಡುವುದು ಎಂದು ತೆಲುಗಿನಲ್ಲೇ ವಿವರಿಸಿದರು. ಆಕೆಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯದು, ಅನುಮಾನವಂತೂ ಹೋಯಿತು. ಈ ಅಂಗಡಿಯ ಸೇವೆಗೆ ನಾನು ಕೊಡುವ ಅಂಕಗಳಲ್ಲಿ ಅರ್ಧ ಆ ಐದು ನಿಮಿಷಕ್ಕೇ ಸಲ್ಲುತ್ತದೆ.

ಬೆರಳಚ್ಚಿನ ವಿಷಯ ಇಷ್ಟು ಸಲೀಸಲ್ಲ. 2016ರ ಆಧಾರ್ ಕಾಯ್ದೆ, ಅದರ ಆಧಾರದ ಮೇಲೆ 2017ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ಅಧಿಸೂಚನೆ, ಇವು ಪಡಿತರಕ್ಕೆ ಆಧಾರನ್ನು ಕಟ್ಟಿದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪು ಕೊಟ್ಟು, ಸರ್ಕಾರದ ಸವಲತ್ತುಗಳಿಗೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು. ಆಧಾರ್ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರ ಹೆಸರು ತೆಗೆಯಬಾರದು, ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರವೇ 2017ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಕಾಗದದ ಮೇಲೆ ಎರಡೂ ಇವೆ. ಅಂಗಡಿಯ ಬಾಗಿಲಲ್ಲಿ ಯಾವುದನ್ನು ನೆನಪಿಸಿಕೊಳ್ಳುತ್ತಾರೆ ಎಂಬುದು ಯಂತ್ರದ ಹಿಂದೆ ಕುಳಿತವರ ಮನಸ್ಸಿಗೆ ಬಿಟ್ಟದ್ದು.

ಪ್ರತಿ ತಿಂಗಳ ಪಡಿತರಕ್ಕೆ ಮನೆಯಲ್ಲಿ ಯಾರಾದರೊಬ್ಬರ ಬೆರಳು ಸಾಕು. ಇ-ಕೆವೈಸಿಗೆ, ಅಂದರೆ ಚೀಟಿಯಲ್ಲಿರುವವರು ಅವರೇ ಎಂದು ಆಧಾರ್ ಮೂಲಕ ಖಚಿತಪಡಿಸುವುದಕ್ಕೆ, ಪ್ರತಿಯೊಬ್ಬರ ಬೆರಳೂ ಬೇಕು. ನಮ್ಮ ಅತ್ತೆ ನಲವತ್ತು ವರ್ಷ ಹುಣಸೆಹಣ್ಣು ಬಿಡಿಸಿದವರು. ಹುಳಿಯೂ ನಾರೂ ಸೇರಿ ಅವರ ಬೆರಳ ಗೆರೆಗಳನ್ನು ಸವೆಸಿವೆ. ಹಿಂದಿನ ಅಂಗಡಿಯಲ್ಲಿ ಒಮ್ಮೆ ‘ನಿಮ್ಮ ಹೆಸರು ಹೋಗುತ್ತೆ, ಏನೂ ಮಾಡಕ್ಕಾಗಲ್ಲ’ ಎಂದು ಕಳಿಸಿಬಿಟ್ಟಿದ್ದರು, ಅವರು ಮನೆಗೆ ಬಂದು ಆ ದಿನ ಊಟ ಮಾಡಲಿಲ್ಲ. ಮನೆಯ ಯಜಮಾನಿ ಎಂದು ಕಾಯ್ದೆ ಕರೆದವರಿಗೆ, ತನ್ನಿಂದ ಮನೆಯ ಅನ್ನ ಕಡಿಮೆಯಾಗುತ್ತದೆ ಎಂಬ ಭಯ ಹುಟ್ಟಿತ್ತು. ಈಗಿನ ಅಂಗಡಿಯವರು ಅವರನ್ನು ಸಾಲಿಲ್ಲದ ಬೆಳಗಿನ ಹೊತ್ತು ಬರಹೇಳಿ, ಬಿಸಿನೀರಿನಲ್ಲಿ ಕೈ ತೊಳೆಸಿ, ಸ್ವಲ್ಪ ಎಣ್ಣೆ ಸವರಿ ಒರೆಸಿ, ಒಂದೊಂದೇ ಬೆರಳು ಇಡಿಸಿದರು. ನಾಲ್ಕನೆಯ ಪ್ರಯತ್ನದಲ್ಲಿ ಉಂಗುರದ ಬೆರಳು ಹೊಂದಿತು. ಹೊಂದದೇ ಇದ್ದವರ ಪಟ್ಟಿಯನ್ನು ಮಾಡಿ, ಇವರೆಲ್ಲ ಬದುಕಿದ್ದಾರೆ, ಊರಿನಲ್ಲೇ ಇದ್ದಾರೆ ಎಂದು ಬರೆದು ತಾಲ್ಲೂಕಿಗೆ ಕೊಟ್ಟಿದ್ದಾರೆ. ಇ-ಕೆವೈಸಿ ಮಾಡಿಸಬೇಕೆಂಬ ಸೂಚನೆ ಕೇಂದ್ರದ್ದು, ಜಾರಿ ರಾಜ್ಯದ್ದು, ದುಡಿಮೆ ಮಾತ್ರ ಈ ಹೆಂಗಸರದ್ದು.

ಕಾರ್ಡಿನಲ್ಲಿಲ್ಲದ ಆರನೆಯ ಹೆಸರು ನನ್ನ ಚಿಕ್ಕ ಮಗಳದ್ದು. 2020ರಲ್ಲಿ ಹುಟ್ಟಿದಳು. ಎರಡು ಸಲ ಅರ್ಜಿ ಹಾಕಿದೆವು, ಸೇರಲಿಲ್ಲ. ಇದರಲ್ಲಿ ಅಂಗಡಿಯವರ ತಪ್ಪಿಲ್ಲ, ಆದರೂ ಸೇವೆಯ ವಿಮರ್ಶೆಯಲ್ಲಿ ಇದನ್ನು ಬಿಡಲಾರೆ. ಕಾಯ್ದೆ ದೇಶದ ಗ್ರಾಮೀಣ ಜನಸಂಖ್ಯೆಯಲ್ಲಿ ಶೇಕಡ 75, ನಗರದಲ್ಲಿ ಶೇಕಡ 50ರ ತನಕ ಸವಲತ್ತು ಎಂದು ಮಿತಿ ಹಾಕಿ, ಪ್ರತಿ ರಾಜ್ಯಕ್ಕೂ ಸಂಖ್ಯೆ ನಿಗದಿಮಾಡುವ ಕೆಲಸವನ್ನು ಕೇಂದ್ರಕ್ಕೆ ಕೊಟ್ಟಿತು. ಆ ಸಂಖ್ಯೆಯೊಳಗೆ ಯಾವ ಮನೆ ಎಂದು ಗುರುತಿಸುವುದು ರಾಜ್ಯದ ಹೊಣೆ. ಸಂಖ್ಯೆಗೆ ಆಧಾರ 2011ರ ಜನಗಣತಿ. ಮುಂದಿನ ಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಅಷ್ಟರ ತನಕ ಹುಟ್ಟಿದ ಮಕ್ಕಳು, ಬಂದ ಸೊಸೆಯಂದಿರು ಯಾರ ಲೆಕ್ಕಕ್ಕೆ? ರಾಜ್ಯವು ಮಿತಿಗಿಂತ ಹೆಚ್ಚಿನವರನ್ನು ಸೇರಿಸಿದರೆ ಅವರ ಪೂರ್ತಿ ಖರ್ಚು ರಾಜ್ಯದ್ದೇ ಆಗುತ್ತದೆ, ಕರ್ನಾಟಕ ಹಾಗೆ ಸೇರಿಸಿಯೂ ಇದೆ. ಆದರೆ ಖರ್ಚಿನ ಭಯದಿಂದ ಹೊಸ ಹೆಸರು ಸೇರಿಸುವ ಬಾಗಿಲು ಆಗಾಗ ಮುಚ್ಚುತ್ತದೆ, ತೆರೆದಾಗಲೂ ಕೆಲವೇ ಗಂಟೆ ತೆರೆದಿರುತ್ತದೆ. ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿ ಆದಾಯದ ಮಿತಿಯನ್ನು ಹಿಡಿದು ಅನರ್ಹರ ಕಾರ್ಡು ತೆಗೆಯುವ ಕೆಲಸ ನಡೆದಾಗಲೆಲ್ಲ ಊರಿನಲ್ಲಿ ಒಂದಿಬ್ಬರು ಅರ್ಹರೂ ಅದರೊಂದಿಗೆ ಹೋಗುವುದನ್ನು ಕಂಡಿದ್ದೇನೆ. ಮಗಳ ಪಾಲಿನ ಅನ್ನವನ್ನು ನಾವು ಐದು ಜನ ಹಂಚಿಕೊಂಡು ಕೊಡುತ್ತಿದ್ದೇವೆ.

ಧಾನ್ಯದ ಗುಣದ ಬಗ್ಗೆ ಹೇಳಬೇಕು. ಅಕ್ಕಿ ಒಟ್ಟಾರೆ ಚೆನ್ನಾಗಿದೆ. ಒಂದು ತಿಂಗಳು ಮಾತ್ರ ನುಚ್ಚು ಹೆಚ್ಚಿತ್ತು, ಕೇಳಿದಾಗ ಬೇರೆ ಚೀಲ ಬಿಚ್ಚಿ ಕೊಟ್ಟರು. ಬಣ್ಣ ತುಸು ಬೇರೆಯಾಗಿ ಕಾಣುವ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವವರಿದ್ದಾರೆ. ಎಸೆಯಬೇಡಿ, ಅದು ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಸಾರವರ್ಧಿತ ಅಕ್ಕಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ.

ರಾಗಿಯದ್ದು ನನ್ನ ನಿಜವಾದ ಕೊರಗು. ಕೋಲಾರ ಸೀಮೆಯಲ್ಲಿ ಮುದ್ದೆ ಇಲ್ಲದ ಊಟ ಊಟವಲ್ಲ. ಕಾಯ್ದೆಯ ಧಾನ್ಯದಲ್ಲಿ ರಾಗಿಗೆ ಜಾಗವಿದೆ, ರಾಜ್ಯ ಬೆಂಬಲ ಬೆಲೆಯಲ್ಲಿ ರೈತರಿಂದ ಕೊಂಡ ರಾಗಿಯನ್ನೇ ಪಡಿತರದಲ್ಲಿ ಹಂಚುತ್ತದೆ. 2025-26ರ ಹಂಗಾಮಿಗೆ ಆ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ರಾಗಿ ಬಂದ ತಿಂಗಳು ಕೇಂದ್ರದ 5 ಕಿಲೋದಲ್ಲೇ ಒಂದು ಪಾಲು ರಾಗಿಯಾಗುತ್ತದೆ, ಅಕ್ಕಿ ಅಷ್ಟು ಇಳಿಯುತ್ತದೆ. ನಮ್ಮ ಹೊಲದ ರಾಗಿ ನಮ್ಮ ಅಂಗಡಿಗೇ ಮರಳಿ ಬರುವುದು ಎಷ್ಟು ಸೊಗಸು! ಆದರೆ ಎಲ್ಲ ತಿಂಗಳೂ ಬರುವುದಿಲ್ಲ, ಬಂದಾಗ ಕೆಲವೊಮ್ಮೆ ಹಳೆಯ ದಾಸ್ತಾನಿನ ಮುಗ್ಗು ವಾಸನೆ ಇರುತ್ತದೆ. ಒಂದು ಸಲ ಎರಡು ದಿನ ಬಿಸಿಲಿಗೆ ಹರಡಿ ಬೀಸಿದರೂ ಹಿಟ್ಟಿನಿಂದ ವಾಸನೆ ಹೋಗಲಿಲ್ಲ. ಧಾನ್ಯವನ್ನು ಕೆಡದಂತೆ ವೈಜ್ಞಾನಿಕವಾಗಿ ಇಡುವ ಹೊಣೆಯಲ್ಲಿ ಕಾಯ್ದೆಯ ಪ್ರಕಾರ ರಾಜ್ಯಕ್ಕೂ ಪಾಲಿದೆ. ಸಂಘದವರು ಆ ಚೀಲಗಳನ್ನು ಫೋಟೊ ತೆಗೆದು ಕಳಿಸಿದರು, ಬದಲಾಯಿಸಿ ಕೊಡಲು ಅವರ ಬಳಿ ಬೇರೆ ಚೀಲ ಇರಲಿಲ್ಲ.

ಅಂಗಡಿಯ ಕೊರತೆಗಳೂ ಇವೆ. ಮುದ್ರಿತ ರಸೀದಿಯನ್ನು ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಕಾಗದದ ಸುರುಳಿ ದುಬಾರಿ ಎನ್ನುತ್ತಾರೆ. ಅವರ ಕಮಿಷನ್ ಎರಡು ಮೂರು ತಿಂಗಳು ತಡವಾಗುವುದುಂಟು, ಕಷ್ಟ ಅರ್ಥವಾಗುತ್ತದೆ, ಆದರೆ ಮುಂದೆ ದೂರು ಕೊಡಬೇಕಾದವರಿಗೆ ಆ ಚೀಟಿಯೇ ಸಾಕ್ಷಿ, ಅದನ್ನು ಎಲ್ಲರಿಗೂ ಕೊಡಲೇಬೇಕು. ಸಾಲು ನಿಲ್ಲುವಲ್ಲಿ ನೆರಳಿಲ್ಲ. ತಿಂಗಳ ಕೊನೆಯಲ್ಲಿ, ಹೊರಗಿನ ಕಾರ್ಡುಗಳಿಗೆ ಕೊಟ್ಟು ದಾಸ್ತಾನು ಕರಗಿದಾಗ, ತಡವಾಗಿ ಬಂದ ಊರಿನವರಿಗೆ ನಾಲ್ಕೈದು ದಿನ ಕಾಯುವಂತಾಗಿದೆ. ಸರ್ವರ್ ಹೋದ ದಿನ ಬಾಗಿಲು ಮುಚ್ಚಿ ಹೋಗುವುದರ ಬದಲು, ಬಂದವರ ಹೆಸರು ಬರೆದಿಟ್ಟುಕೊಂಡು ಮರುದಿನ ಅವರಿಗೇ ಮೊದಲು ಕೊಟ್ಟರೆ ಒಳ್ಳೆಯದು. ಪ್ರತಿ ಅಂಗಡಿಗೂ ಇರಬೇಕಾದ ಜಾಗೃತ ಸಮಿತಿಯ ಸಭೆ ಈ ವರ್ಷ ಒಮ್ಮೆ ಮಾತ್ರ ಆಗಿದೆ; ಊರಿನವರ ಮುಂದೆಯೇ ಲೆಕ್ಕ ಪರಿಶೀಲಿಸುವ ಸಾಮಾಜಿಕ ಪರಿಶೋಧನೆ ನಡೆದದ್ದು ನನಗೆ ನೆನಪಿಲ್ಲ. ಎರಡನ್ನೂ ಕಾಯ್ದೆ ಕೇಳುತ್ತದೆ.

ಬೇರೆ ಊರಿನವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ನಿಮ್ಮ ಅಂಗಡಿಯಲ್ಲಿ ಹಲಗೆ ಇಲ್ಲದಿದ್ದರೂ ಲೆಕ್ಕ ಕೇಳಬಹುದು, ಪಡಿತರದ ದಾಖಲೆಗಳು ಸಾರ್ವಜನಿಕರ ಪರಿಶೀಲನೆಗೆ ತೆರೆದಿರಬೇಕು ಎಂದು ಕಾಯ್ದೆಯಲ್ಲೇ ಇದೆ. 1967 ಸಹಾಯವಾಣಿಯಿಂದ ಕೆಲಸವಾಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಬರೆಯಬಹುದು. ಜಿಲ್ಲಾ ಅಧಿಕಾರಿ ಹೇಳಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರರಿಗೆ 5,000 ರೂಪಾಯಿಯ ತನಕ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಬರೆಯುವಾಗ ತಾರೀಖು, ತೂಕ, ಯಾವ ಪಾಲು ಬರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದ ಸುದ್ದಿ ಊರಿಗೆ ಬಂದ ವಾರ, ಅತ್ತೆಯೂ ನನ್ನೊಂದಿಗೆ ಅಂಗಡಿಗೆ ಬಂದಿದ್ದರು. ಅವರಿಗೆ ಓದು ಬರುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಹಲಗೆಯನ್ನು ಸ್ವಲ್ಪ ಹೊತ್ತು ನೋಡಿ, ‘ಕಿಟ್ ಬಂದ್ರೆ ಅದನ್ನ ಯಾವ ಕಡೆ ಬರೀತೀಯಮ್ಮ?’ ಎಂದು ಕೇಳಿದರು.

‘ಬಲಗಡೆ ಅಜ್ಜಿ’ ಎಂದರು ಕಾರ್ಯದರ್ಶಿ.

‘ಹಂಗಾದ್ರೆ ಎಡಗಡೆ ಐದು ಹಂಗೇ ಇರ್ತದೆ’ ಎಂದು ಅತ್ತೆ ಚೀಲದ ಬಾಯಿ ಕಟ್ಟತೊಡಗಿದರು.